ವಿಶಾಲಮ್ಮನವರ ಅನುಮಾನ

ಮುಚ್ಚಿದ ಯಾವ ವಸ್ತುವನ್ನೂ ವಿಶಾಲಮ್ಮನವರು ಕೂಡಲೇ ತೆರೆದವರಲ್ಲ. ಟಪಾಲಿನಲ್ಲಿ ಲಕೋಟೆ ಬಂದರೆ ಕಿಟಕಿಯ ಬೆಳಕಿಗೆ ಹಿಡಿದು, ಒಳಗಿರುವುದು ಮದುವೆಯೋ ವೈಕುಂಠ ಸಮಾರಾಧನೆಯೋ ಎಂದು ಖಚಿತವಾದ ಮೇಲೆಯೇ ಅದರ ಬಾಯಿ ಬಿಡಿಸುತ್ತಿದ್ದರು. ತೆಂಗಿನಕಾಯಿಯನ್ನು ಎಲ್ಲರೂ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಇವರು ಬಿಸ್ಕತ್ತಿನ ಡಬ್ಬಿಯನ್ನೂ ಅಲ್ಲಾಡಿಸುತ್ತಿದ್ದರು. ಅವರೇಕಾಯಿಯ ಕಾಲದಲ್ಲಿ ಅವರು ಗಾಂಧಿಬಜಾರಿಗೆ ಬಂದರೆಂದರೆ ಗುಡ್ಡೆ ಹಾಕಿಕೊಂಡು ಕೂತ ಹೆಂಗಸರ ಮುಖ ಸಣ್ಣಗಾಗುತ್ತಿತ್ತು. ಮೂಸಿ ಸೊಗಡು ನೋಡುವುದು ಸಾಮಾನ್ಯರ ಕೆಲಸ. ವಿಶಾಲಮ್ಮನವರು ಗುಡ್ಡೆಯ ತಳಕ್ಕೆ ಕೈ ಹಾಕಿ, ಅಲ್ಲಿಂದ ಒಂದು ಕಾಯಿ ಎಳೆದು, ಸುಲಿದು, ಕಾಳನ್ನು ಅಂಗೈಯಲ್ಲಿಟ್ಟುಕೊಂಡು ತೀರ್ಪು ಬರೆಯುವವರಂತೆ ನೋಡುತ್ತಿದ್ದರು.

"ಹುಳ ಇಲ್ಲ ಕಣಮ್ಮಾ, ಬೆಳಗ್ಗೆ ಕಿತ್ತಿರೋದು."

"ಅಂತ ಯಾರು ಹೇಳಿದ್ದು?"

"ನಾನೇ ಹೇಳ್ತಿದೀನಲ್ಲಮ್ಮಾ!"

"ಅದಕ್ಕೇ ಕೇಳಿದ್ದು."

ಈ "ಅಂತ ಯಾರು ಹೇಳಿದ್ದು" ಎಂಬ ಪ್ರಶ್ನೆಯಿಂದಾಗಿಯೇ ಅವರಿಗೆ ಮದುವೆಯಾಗಲಿಲ್ಲವೆಂದು ಶಂಕರಪುರದ ಅವರ ಬೀದಿಯಲ್ಲಿ ಪ್ರತೀತಿ ಇತ್ತು. ಹೆಣ್ಣು ನೋಡಲು ಬಂದ ಗಂಡಿನ ತಂದೆ, ನಮ್ಮ ಹುಡುಗನಿಗೆ ಯಾವ ದುರಭ್ಯಾಸವೂ ಇಲ್ಲ ಎಂದರಂತೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಕನ್ಯೆ ತಟ್ಟೆಯನ್ನು ಕೆಳಗಿಡದೆ ಆ ಪ್ರಶ್ನೆ ಕೇಳಿದಳಂತೆ. ಇದನ್ನು ನಾನು ನಂಬುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ನನಗೆ ಅವರ ಪರಿಚಯವಾಗುವ ಹೊತ್ತಿಗೆ ಅವರ ತಲೆ ಅರ್ಧ ಬೆಳ್ಳಗಾಗಿತ್ತು.

ಅವರು ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಕಂಪ್ಯೂಟರು ಒಂದು ಇಡೀ ಕೋಣೆಯನ್ನು ಆಕ್ರಮಿಸಿಕೊಂಡು, ಜನ ಅದರ ದರ್ಶನಕ್ಕೆ ಚಪ್ಪಲಿ ಕಳಚಿ ಹೋಗುತ್ತಿದ್ದ ಕಾಲ ಅದು. ಲೆಕ್ಕವೆಲ್ಲ ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಕಟ್ಟುಕಟ್ಟಾಗಿ ಬರುತ್ತಿತ್ತು. ಕಟ್ಟಿನ ಮೇಲೆ ಬರೆದ ಸಂಖ್ಯೆಗೂ ಒಳಗಿರುವ ಕಾರ್ಡಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ವಿಶಾಲಮ್ಮನವರ ಕೆಲಸ. "ಒಂದು ದಿನಾನೂ ತಾಳೆ ಆಗಿಲ್ಲ ಕಣ್ರೀ," ಎನ್ನುತ್ತಿದ್ದರು, ಬೇಸರದಿಂದಲ್ಲ, ಒಂದು ಬಗೆಯ ಸಂತೃಪ್ತಿಯಿಂದ. ಸ್ವಯಂ ನಿವೃತ್ತಿ ಪಡೆದು ಬಂದ ಮೇಲೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ ತಂದು, ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದರು. ಹಳೆಯ ಸೀರೆಯಲ್ಲಿ ಹೊಲಿದ ಗವಸು ಹೊದೆಸಿದ ಅದು, ಮಡಿ ಉಟ್ಟು ಕೂತ ಹಿರಿಯ ವಿಧವೆಯಂತೆ ಹಜಾರದ ಮೂಲೆಯಲ್ಲಿರುತ್ತಿತ್ತು.

ನನಗೂ ಅವರಿಗೂ ಭೇಟಿಯಾದದ್ದು ಚಾಮರಾಜಪೇಟೆಯಲ್ಲಿ, ಮುಕುಂದನ ಡಿ.ಟಿ.ಪಿ. ಅಂಗಡಿಯಲ್ಲಿ. ನಾನು ಆಗ ಸಣ್ಣಪುಟ್ಟ ಪ್ರಕಾಶಕರಿಗೆ ಪ್ರೂಫ್ ತಿದ್ದುತ್ತಿದ್ದೆ. ಒತ್ತಕ್ಷರ ಎಲ್ಲಿ ಜಾರಿದೆ, ಅರ್ಕಾವತ್ತು ಎಲ್ಲಿ ತಪ್ಪಿದೆ ಎಂದು ಕಣ್ಣು ಕೀಲಿಸಿ ಕೂರುವ ನನ್ನನ್ನು ವಿಶಾಲಮ್ಮನವರು "ಏನ್ರೀ ಕಾಗುಣಿತದೋರೇ" ಎಂದು ಕರೆಯುತ್ತಿದ್ದರು. ಮುಕುಂದನ ಯಂತ್ರ ಕೆಟ್ಟಾಗ ರಿಪೇರಿಗೆ ಬರುತ್ತಿದ್ದರು; ಕೆಡದಿದ್ದಾಗ, ಯಾಕೆ ಕೆಟ್ಟಿಲ್ಲ ಎಂದು ನೋಡಲು ಬರುತ್ತಿದ್ದರು.

ಮುಕುಂದ ಅವರಿಗೆ ತದ್ವಿರುದ್ಧ. ಯಾರು ಏನು ತಂದು ಕೊಟ್ಟರೂ "ಬಿಡಿ ಸಾರ್, ಓಪನ್ ಮಾಡೋಣ" ಎನ್ನುವವನು. ಆ ಕಾಲದ ಕನ್ನಡ ಅಕ್ಷರಗಳದ್ದು ಒಂದು ದೊಡ್ಡ ರಾಮಾಯಣ. ಬಸವನಗುಡಿಯಲ್ಲಿ ಟೈಪು ಮಾಡಿದ ಕನ್ನಡವನ್ನು ಮಲ್ಲೇಶ್ವರದ ಕಂಪ್ಯೂಟರು ಓದುತ್ತಿರಲಿಲ್ಲ. ಬರೀ ಚೌಕ, ಬಾಣ, ಪ್ರಶ್ನಾರ್ಥಕ ಚಿಹ್ನೆ. ಹಾಗಾಗಿ ಬರಹದ ಜೊತೆಗೆ ಅದರ ಅಕ್ಷರಗಳನ್ನೂ ಸೇರಿಸಿ, ಒಟ್ಟಿಗೆ ಅದುಮಿ, ಒಂದು ಗಂಟು ಕಟ್ಟಿ ಫ್ಲಾಪಿಯಲ್ಲಿ ತರುತ್ತಿದ್ದರು. ಗಂಟು ಬಿಚ್ಚುವುದಕ್ಕೆ ಬೇರೆ ಒಂದು ಪ್ರೋಗ್ರಾಮು. ಮುಕುಂದನಿಗೆ ಬೆಳಗಿನಿಂದ ಸಂಜೆಯವರೆಗೆ ಅದೇ ಉದ್ಯೋಗ, ಬಂದವರ ಗಂಟು ಬಿಚ್ಚುವುದು.

ಆ ಅಂಗಡಿಯ ಇನ್ನೊಬ್ಬ ಖಾಯಂ ಸದಸ್ಯರು ಅಡಿಗೆ ಕಿಟ್ಟಪ್ಪನವರು. ಬಸವನಗುಡಿ, ಚಾಮರಾಜಪೇಟೆಗಳ ಎರಡು ತಲೆಮಾರಿನ ಮದುವೆಗಳಿಗೆ ಅಡಿಗೆ ಮಾಡಿದ ಮಹಾನುಭಾವರು. ವಧೂವರರ ಹೆಸರು ಮರೆತವರೂ ಅವರ ಮಜ್ಜಿಗೆಹುಳಿಯನ್ನು ಮರೆತಿರಲಿಲ್ಲ. ನಾನೂ ಆ ಪಂಕ್ತಿಗಳಲ್ಲಿ ಕೂತು ಉಂಡವನೇ. ಮೊಣಕಾಲು ನೋವಿನಿಂದ ಒಲೆಯ ಮುಂದೆ ನಿಲ್ಲಲಾಗದೆ ಹೋದಾಗ, ನನಗೆ ಪ್ರೂಫು ಕೊಡುತ್ತಿದ್ದ ಪ್ರಕಾಶಕರೊಬ್ಬರು ಅವರ ಅಡಿಗೆಯನ್ನೆಲ್ಲ ಪುಸ್ತಕ ಮಾಡುವುದೆಂದು ಹೊರಟರು. ಕಿಟ್ಟಪ್ಪನವರು ಬರೆಯಲೊಪ್ಪಲಿಲ್ಲ. ಸೌಟು ಹಿಡಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲವೆಂದರು. ಕೊನೆಗೆ ದಿನಾ ಬೆಳಗ್ಗೆ ಮುಕುಂದನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುವುದು, ಅವನು ನೇರವಾಗಿ ಟೈಪು ಮಾಡುವುದು ಎಂದಾಯಿತು. ಎಲೆಗೆ ಏನೇನು ಯಾವ ಕ್ರಮದಲ್ಲಿ ಬೀಳುತ್ತದೋ ಪುಸ್ತಕವೂ ಅದೇ ಕ್ರಮ: ಉಪ್ಪಿನಕಾಯಿಯಿಂದ ಮೊದಲಾಗಿ, ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ತೊವ್ವೆ, ಹುಳಿ, ಸಾರು, ಭಕ್ಷ್ಯ, ಮಜ್ಜಿಗೆಹುಳಿ. ಎಲ್ಲವೂ ನೂರು ಎಲೆಯ ಅಳತೆ. ಹೇಳುತ್ತ ಹೇಳುತ್ತ ಮದುವೆಯ ಕಥೆಗಳೂ ಬರುತ್ತಿದ್ದವು. ಯಾವ ಛತ್ರದಲ್ಲಿ ನೀರು ಸಪ್ಪೆ, ಯಾವ ಬೀಗರು ಖಾರಕ್ಕೆ ಕೂಗಾಡಿದರು, ಬೇಳೆ ಬೇಯದೆ ಹೋದಾಗ ಮುಹೂರ್ತವನ್ನೇ ಹೇಗೆ ಸ್ವಲ್ಪ ಮುಂದೂಡಿಸಿದರು. ಮುಕುಂದ ಅದನ್ನೂ ಬಿಡದೆ ಹೊಡೆಯುತ್ತಿದ್ದ.

ಇಂಥ ದಿನಗಳಲ್ಲಿ ಒಂದು ಬೆಳಗ್ಗೆ ವಿಶಾಲಮ್ಮನವರು ಅಂಗಡಿಯ ಮೆಟ್ಟಿಲು ಹತ್ತಿದ ರೀತಿಯಲ್ಲೇ ಏನೋ ಘನವಾದದ್ದು ನಡೆದಿದೆ ಎಂದು ನಮಗೆ ತಿಳಿಯಿತು.

"ಮುಕುಂದ, ಆ ಗಂಟು ಬಿಚ್ಚೋ ಪ್ರೋಗ್ರಾಮು ಇವತ್ತಿಂದ ಬಂದ್ ಮಾಡು."

"ಯಾಕೆ ಮೇಡಂ, ಚೆನ್ನಾಗೇ ಬಿಚ್ತಿದೆಯಲ್ಲ?"

"ಅದೇ ತೊಂದ್ರೆ. ಯಾರು ಏನು ಹೇಳಿದ್ರೂ ನಂಬುತ್ತೆ ಅದು. ನಿನ್ನ ಥರ."

ಆದದ್ದಿಷ್ಟು. ಅವರ ಬಳಿ ಇದ್ದ ಯಾವುದೋ ಹಾಳಾದ ಗಂಟನ್ನು ಬಿಚ್ಚುವಾಗಲೆಲ್ಲ ಆ ಪ್ರೋಗ್ರಾಮು ಕುಸಿದು ಬೀಳುತ್ತಿತ್ತು. ಬೇರೆಯವರಾಗಿದ್ದರೆ ಗಂಟನ್ನು ಎಸೆದು ಸುಮ್ಮನಾಗುತ್ತಿದ್ದರು. ಇವರು ವಾರಗಟ್ಟಲೆ ಅದರ ಮುಂದೆ ಕೂತು ಕಾರಣ ಹುಡುಕಿದ್ದರು. ಸ್ಟೂಲಿನ ಮೇಲಿದ್ದ ಕಿಟ್ಟಪ್ಪನವರು "ಏನ್ ತಾಯಿ ಅದು, ನಮಗೂ ಸ್ವಲ್ಪ ಹೇಳಿ" ಎಂದರು. ವಿಶಾಲಮ್ಮನವರು ಅವರ ಕಡೆಗೆ ತಿರುಗಿದರು.

"ನೋಡಿ ಕಿಟ್ಟಪ್ಪನೋರೇ. ಗಂಡಿನ ಕಡೆಯೋರು ಮೊದ್ಲೇ ಹೇಳಿ ಕಳಿಸ್ತಾರೆ, ನಾವು ನೂರು ಜನ ಬರ್ತೀವಿ ಅಂತ. ನೀವು ನೂರು ಎಲೆ ಹಾಕ್ತೀರಿ. ಬರೋದು ಮುನ್ನೂರು ಜನ. ನೀವೇನ್ ಮಾಡ್ತೀರಿ?"

"ಬಾಗಿಲಲ್ಲೇ ನಿಲ್ಲಿಸ್ತೀನಿ. ಮುಂದಿನ ಪಂಕ್ತಿಗೆ ಬನ್ನಿ ಸ್ವಾಮಿ ಅಂತೀನಿ."

"ನೀವು ನಿಲ್ಲಿಸ್ತೀರಿ. ಇದು ಗಂಟಿನ ಮೇಲೆ ಬರೆದ ಲೆಕ್ಕಾನೇ ನಂಬತ್ತೆ, ನಿಲ್ಲಿಸಲ್ಲ. ಬಂದೋರನ್ನೆಲ್ಲ ಒಳಗೆ ಬಿಟ್ಕೊಂಡು ಕೂರಿಸ್ತಾ ಹೋಗತ್ತೆ. ಎಲೆ ಮುಗೀತು ಅಂತ ನೋಡೋದೇ ಇಲ್ಲ. ಮಿಕ್ಕೋರು ಎಲ್ಲಿ ಕೂತ್ಕೋತಾರೆ? ಹಜಾರ ತುಂಬಿತು, ಕೊಟ್ಟಿಗೆಮನೆ ತುಂಬಿತು, ಆಮೇಲೆ ಅಡಿಗೆಮನೆ. ನಿಮ್ಮ ಒಲೆ ಮೇಲೇ ಬಂದು ಕೂರ್ತಾರೆ."

"ಶಿವ ಶಿವಾ!"

"ಇನ್ನೂ ಇದೆ ಕೇಳಿ. ಆ ಹೆಚ್ಚಿಗೆ ಬಂದೋರಲ್ಲಿ ಒಬ್ಬ ಕಳ್ಳ ಇದ್ದ ಅಂತಿಟ್ಕೊಳಿ. ನಿಮ್ಮ ಕೈಯಿಂದ ಸೌಟು ಕಿತ್ಕೊಂಡು, ಇನ್ಮೇಲೆ ನಾನು ಹೇಳಿದ್ದೇ ಅಡಿಗೆ ಅಂದ್ರೆ? ಕಂಪ್ಯೂಟರ್ ಅವನು ಹೇಳಿದ ಹಾಗೆ ಕೇಳತ್ತೆ. ಯಜಮಾನ ಇವನು," ಎಂದು ಮುಕುಂದನನ್ನು ತೋರಿಸಿದರು, "ಹೊರಗೆ ಪನ್ನೀರು ಚಿಮುಕಿಸ್ತಾ ನಿಂತಿರ್ತಾನೆ."

ಕಿಟ್ಟಪ್ಪನವರಿಗೆ ಇದು ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಮುಕುಂದನಿಗೆ ಮಾತ್ರ ಬೇಸರವಾಯಿತು. "ನಮ್ಮ ಗಿರಾಕಿಗಳೆಲ್ಲ ಮರ್ಯಾದಸ್ಥರು ಮೇಡಂ. ಮದ್ವೆ ಕಾರ್ಡು ಮಾಡ್ಸೋರು ಯಾಕೆ ಕಳ್ತನ ಮಾಡ್ತಾರೆ?" ಎಂದ. ನಮ್ಮ ಅನುಭವದಲ್ಲಿ ಅದು ಅಷ್ಟೇನೂ ಗಟ್ಟಿಯಾದ ವಾದವಲ್ಲದಿದ್ದರೂ ಯಾರೂ ಮಾತು ಬೆಳೆಸಲಿಲ್ಲ.

ಆ ಪ್ರೋಗ್ರಾಮು ಮಾಡಿದ ವಿದೇಶಿ ಕಂಪನಿಗೆ ವಿಶಾಲಮ್ಮನವರು ಗಾಂಧಿಬಜಾರಿನ ಸೈಬರ್ ಸೆಂಟರಿನಿಂದ ಇ-ಮೇಲ್ ಕಳಿಸಿದರು. ಉತ್ತರವಿಲ್ಲ. ಮತ್ತೆ ಕಳಿಸಿದರು. ಸೈಬರ್ ಸೆಂಟರಿನ ಹುಡುಗರು ಅಮೆರಿಕದ ಮಗನಿಂದ ಕಾಗದ ಬಾರದ ತಾಯಿ ಎಂದುಕೊಂಡು, ಕನಿಕರದಿಂದ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಡುತ್ತಿದ್ದರಂತೆ. ಹಳೆಯ ಸಹೋದ್ಯೋಗಿಗಳಿಗೆ ಹೇಳಿದರು. ಅವರು ಆರೋಗ್ಯ ವಿಚಾರಿಸಿದರು. ಆಯುಷ್ಯವಿಡೀ ಇನ್ನೊಬ್ಬರ ಮಾತನ್ನು ನಂಬದೆ ಬದುಕಿದ ಆ ಜೀವಕ್ಕೆ, ತನ್ನ ಮಾತನ್ನು ಒಬ್ಬರಾದರೂ ನಂಬಲಿ ಎಂಬ ಆಸೆ ಹುಟ್ಟಿದ್ದನ್ನು ನಾನು ನೋಡಿದ್ದು ಆಗಲೇ. ಯಾರೂ ಸಿಗದೆ, ಕೊನೆಗೆ ಮುಕುಂದನನ್ನೇ ಹಿಡಿದರು.

"ತೋರ್ಸಿ ಮೇಡಂ," ಎಂದ ಮುಕುಂದ. "ಕಣ್ಣಲ್ಲಿ ನೋಡಿದ್ರೆ ನಂಬ್ತೀನಿ."

ಅವನು ಆಡಿದ್ದರಲ್ಲಿ ಅವರು ಮೆಚ್ಚಿದ ಮಾತು ಅದೊಂದೇ. ಮನೆಗೆ ಹೋಗಿ, ಬೇಕೆಂದೇ ಸುಳ್ಳು ಲೆಕ್ಕ ಬರೆದ ಒಂದು ಗಂಟನ್ನು ತಯಾರಿಸಿದರು. ನೂರು ಎಂದು ಹೇಳಿ ಮುನ್ನೂರು ಬರುವ ದಿಬ್ಬಣ. ಅವರ ಮನೆಯ ಯಂತ್ರದಲ್ಲಿ ಅದು ಆ ಪ್ರೋಗ್ರಾಮನ್ನು ಮಾತ್ರ ಬೀಳಿಸಿ ಸುಮ್ಮನಾಗುತ್ತಿತ್ತು. ಬೇರೇನೂ ಹಾನಿ ಇಲ್ಲವೆಂದು ಹಲವು ಸಲ ನೋಡಿಕೊಂಡಿದ್ದರು. ಫ್ಲಾಪಿಯ ಚೀಟಿಯ ಮೇಲೆ ಮೊದಲು ಶ್ರೀಕಾರ ಹಾಕಿದರು. ಏನನ್ನೂ ನಂಬದ ವಿಶಾಲಮ್ಮನವರು ಶ್ರೀಕಾರವಿಲ್ಲದೆ ಬಿಳಿಯ ಕಾಗದವನ್ನು ಮುಟ್ಟುತ್ತಿರಲಿಲ್ಲ. ಅದು ಅಕ್ಷರಾಭ್ಯಾಸದ ದಿನ ತಂದೆ ಕೈಹಿಡಿದು ಮಾಡಿಸಿದ ಅಭ್ಯಾಸ. ಶ್ರೀಯ ಕೆಳಗೆ ಏನು ಬರೆಯುವುದು ಎಂದು ಹೊಳೆಯದೆ, ಅಂಗಡಿಯಲ್ಲೇ ಬರೆದರಾಯಿತೆಂದು ಹಾಗೇ ತಂದರು.

ಅಂದು ಅಂಗಡಿಯಲ್ಲಿ ಲಗ್ನಪತ್ರಿಕೆಯವರ ಜಾತ್ರೆ. ಮುಕುಂದನಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ವಿಶಾಲಮ್ಮನವರು ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಕಾದರು. ಸ್ಟೂಲಿನ ಮೇಲಿದ್ದ ಕಿಟ್ಟಪ್ಪನವರು ಮಜ್ಜಿಗೆಹುಳಿಗೆ ಬಂದಿದ್ದರು, ಪುಸ್ತಕದ ಕೊನೆಯ ಭಾಗ. ಕಡಲೆಬೇಳೆ ನೆನೆಯುವ ಹೊತ್ತಿನ ಬಗ್ಗೆ ಇಬ್ಬರಿಗೂ ಏನೋ ಚರ್ಚೆ ಹತ್ತಿತು. ಮಾತಾಡುತ್ತ, ನಗುತ್ತ, ಅಪರೂಪಕ್ಕೆ ನಗುತ್ತ, ವಿಶಾಲಮ್ಮನವರು ಕಿಟ್ಟಪ್ಪನವರನ್ನು ಆಟೋ ಹತ್ತಿಸಲು ಹೊರಟುಹೋದರು. ಫ್ಲಾಪಿ ಮೇಜಿನ ಮೇಲೇ ಉಳಿಯಿತು. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆಗೆ ಬಂದ ಯಾವ ಫ್ಲಾಪಿಯ ಮೇಲೆ ಶ್ರೀಕಾರ ಇರಲಿಲ್ಲ ಹೇಳಿ? ಆ ಮೇಜಿನ ಮೇಲಿದ್ದವೆಲ್ಲ ಶ್ರೀಗಳೇ.

ಮರುದಿನ ಬೆಳಗ್ಗೆ ನಾನು ಅಲ್ಲೇ ಇದ್ದೆ. ಮುಕುಂದ ಅಡಿಗೆ ಪುಸ್ತಕವನ್ನು ತೆರೆದು, ಹಿಂದಿನ ದಿನದ್ದನ್ನು ತಿದ್ದಿ, ಉಳಿಸಲು ಒತ್ತಿದ. ಇಡೀ ಪುಸ್ತಕ ಒಂದೇ ಫೈಲು. ಹಳೆಯ ಯಂತ್ರ ಅದನ್ನು ಡಿಸ್ಕಿಗೆ ಇಳಿಸಲು ಏದುಸಿರು ಬಿಡುತ್ತಿತ್ತು. ಅಷ್ಟರಲ್ಲಿ ಹೆಣ್ಣಿನ ತಂದೆಯೊಬ್ಬರ ಫೋನು. "ಈಗ್ಲೇ ನೋಡ್ತೀನಿ ಸಾರ್, ಈಗ್ಲೇ," ಎನ್ನುತ್ತ ಮುಕುಂದ ಕೈಗೆ ಸಿಕ್ಕ ಶ್ರೀಯನ್ನು ಹಾಕಿ, ಗಂಟನ್ನು ಬಿಚ್ಚಿದ.

ಪರದೆ ನೀಲಿಯಾಯಿತು. ಮೌಸು ನಿಂತಿತು. ಒಳಗೆ ತಿರುಗುತ್ತಿದ್ದ ಡಿಸ್ಕು ಒಂದು ಸಲ ಕರಕ್ ಎಂದು ಸುಮ್ಮನಾಯಿತು. ಮತ್ತೆ ಹಚ್ಚಿದಾಗ ಪುಸ್ತಕದ ಹೆಸರಿತ್ತು, ಪುಸ್ತಕವಿರಲಿಲ್ಲ. ಮುಕುಂದ ಜಾಗರೂಕತೆಯಿಂದ ಮಾಡಿಟ್ಟ ಇನ್ನೊಂದು ಪ್ರತಿ ಫ್ಲಾಪಿಯಲ್ಲಿತ್ತು. ಆ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಪ್ರೂಫಿಗೆಂದು ನನ್ನ ಚೀಲದಲ್ಲಿದ್ದ ಮೊದಲ ಪುಟಗಳು ಮಾತ್ರ ಉಳಿದವು.

ಯಂತ್ರ ಹಳೆಯದಾಗಿತ್ತು, ಕರೆಂಟು ಏರಿಳಿದಿತ್ತು, ಯಾರದೋ ದೃಷ್ಟಿ ತಾಗಿತ್ತು ಎಂದೆಲ್ಲ ಮುಕುಂದ ಕಾರಣ ಹುಡುಕುತ್ತಿದ್ದ. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ವಿಶಾಲಮ್ಮನವರು ಬಂದು, ಯಂತ್ರದ ಬಾಯಿಯಲ್ಲಿದ್ದ ಫ್ಲಾಪಿಯನ್ನು ಹೊರಗೆಳೆದು ನೋಡಿದರು. ಚೀಟಿಯಲ್ಲಿ ಶ್ರೀಯ ಕೆಳಗೆ ಏನೂ ಬರೆದಿರಲಿಲ್ಲ.

"ಇದು ನಂದು," ಎಂದರು.

ಕಿಟ್ಟಪ್ಪನವರು ಎಂದಿನ ವೇಳೆಗೆ ಬಂದು ಸ್ಟೂಲಿನ ಮೇಲೆ ಕೂತರು. ಮುಕುಂದ ನನ್ನ ಮುಖ ನೋಡಿದ, ನಾನು ಕ್ಯಾಲೆಂಡರ್ ನೋಡಿದೆ. ಹೇಳಿದವರು ವಿಶಾಲಮ್ಮನವರೇ. "ಹೆಚ್ಚಿಗೆ ಜನಾನ ಕರ್ಕೊಂಡ್ ಬಂದೋಳು ನಾನೇ ಕಿಟ್ಟಪ್ಪನೋರೇ. ನಿಮ್ಮ ಅಡಿಗೆಮನೆಗೆ ನುಗ್ಗಿಸ್ಬಿಟ್ಟೆ."

ಕಿಟ್ಟಪ್ಪನವರು ಪರದೆಯ ಕಡೆ ತಿರುಗಿದರು.

"ಹುಳಿ ಹೋಯ್ತಾ?"

"ಹೋಯ್ತು."

"ಸಾರು?"

"ಅದೂ."

"ಹೋಳಿಗೆ, ಚಿರೋಟಿ, ಮಜ್ಜಿಗೆಹುಳಿ?"

"ಎಲ್ಲಾ. ಕೋಸಂಬರಿ, ಪಲ್ಯ ಇದೆ."

"ಕೋಸಂಬರಿ ಯಾರ್ ಬೇಕಾದ್ರೂ ಮಾಡ್ತಾರೆ ತಾಯಿ," ಎಂದರು ಕಿಟ್ಟಪ್ಪನವರು. ಕೋಪವಿರಲಿಲ್ಲ. ಇದ್ದಿದ್ದರೆ ವಿಶಾಲಮ್ಮನವರಿಗೆ ಸುಲಭವಾಗುತ್ತಿತ್ತು.

ಮತ್ತೆ ಮೊದಲಿಂದ ತಾವೇ ಬರೆದುಕೊಳ್ಳುವುದಾಗಿ ವಿಶಾಲಮ್ಮನವರು ಬೇಡಿಕೊಂಡರು. ಬೇಡಿಕೊಳ್ಳುವುದನ್ನು ಅಭ್ಯಾಸ ಮಾಡಿದ ಗಂಟಲಲ್ಲ ಅದು, ಆಜ್ಞೆಯಂತೆಯೇ ಕೇಳಿಸಿತು. ಕಿಟ್ಟಪ್ಪನವರು ಒಪ್ಪಿ ಶಂಕರಪುರದ ಮನೆಗೆ ಬಂದರು. ಸಾಕ್ಷಿಗೆಂದು ನಾನೂ ಹೋಗುತ್ತಿದ್ದೆ. ಹಜಾರದಲ್ಲಿ ಕಂಪ್ಯೂಟರಿನ ಪಕ್ಕ ವಿಶಾಲಮ್ಮನವರು ತಕ್ಕಡಿ, ಪಾವು, ಚಟಾಕು, ಡಬ್ಬಿಗಳನ್ನೆಲ್ಲ ಜೋಡಿಸಿಟ್ಟಿದ್ದರು. ಈ ಸಲ ಒಂದು ಕಾಳೂ ತಪ್ಪಬಾರದು.

"ಹುಳಿಪುಡಿಗೆ ನಾಲ್ಕು ಹಿಡಿ ಕೊತ್ತಂಬರಿ ಬೀಜ," ಎಂದು ಒಂದು ಬೆಳಗ್ಗೆ ಶುರುಮಾಡಿದರು ಕಿಟ್ಟಪ್ಪನವರು.

"ಹಿಡಿ ಅಂದ್ರೆ ಯಾರ ಹಿಡಿ?"

"ನನ್ನ ಹಿಡಿ."

"ಹಾಕಿ ತಕ್ಕಡಿಗೆ."

ಹಾಕಿದರು. ತೂಗಿದರು. "ಇನ್ನೊಂದ್ಸಲ ಹಾಕಿ." ಹಾಕಿದರು. "ನೋಡಿ, ಆಗ ಒಂದು ತೂಕ, ಈಗ ಒಂದು ತೂಕ. ಯಾವುದು ಸರಿ?"

"ಎರಡೂ ಸರಿ ತಾಯಿ."

"ಎರಡೂ ಹೇಗ್ರೀ ಸರಿಯಾಗತ್ತೆ?"

"ಬೀಜ ಹಳೇದಾದ್ರೆ ಕೈ ತಾನೇ ಜಾಸ್ತಿ ಹಿಡಿಯತ್ತೆ."

"ಅಂತ ಯಾರು ಹೇಳಿದ್ದು?"

ಕಿಟ್ಟಪ್ಪನವರು ಅಂಗೈಯಲ್ಲಿದ್ದ ಬೀಜವನ್ನು ಡಬ್ಬಿಗೆ ಸುರಿದು, ಕೈ ಕೊಡವಿಕೊಂಡರು. ನಾಲ್ಕೈದು ದಿನ ತಾಳಿದ್ದರು ಪಾಪ, ಅಂದು ಆಗಲಿಲ್ಲ. "ಆ ಹುಡುಗನ ಹತ್ರ ಹೇಳ್ಬೇಕಾದ್ರೆ ನನ್ನ ಕಣ್ಣೆದುರಿಗೆ ನೂರು ಎಲೆ ಇರ್ತಿತ್ತು. ಹ್ಞೂಂ ಅಂತಿದ್ದ, ನಂಗೆ ಒಂದಾದ ಮೇಲೊಂದು ಬರ್ತಿತ್ತು. ಇಲ್ಲಿ ಬರೀ ತಕ್ಕಡಿ ಕಾಣ್ಸತ್ತೆ. ನಿಮಗೆ ಕೆಟ್ಟ ಮನಸ್ಸಿಲ್ಲ, ನಂಗೊತ್ತು. ಆದ್ರೆ ನೀವು ಬೇಳೇನೂ ನಂಬಲ್ಲ ತಾಯಿ," ಎಂದರು. ಗೋಡೆ ಹಿಡಿದುಕೊಂಡು ಎದ್ದರು. ಮರುದಿನ ಕಿಟ್ಟಪ್ಪನವರು ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ತಂಗಿಯ ಮನೆಗೆಂದು ಶ್ರೀರಂಗಪಟ್ಟಣಕ್ಕೆ ಹೋದವರು ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಪ್ರಕಾಶಕರು ಕೈ ಚೆಲ್ಲಿದರು.

ಕಂಪನಿಯ ಉತ್ತರ ಬಂದದ್ದು ಅದೆಲ್ಲ ಮುಗಿದ ಮೇಲೆ. ಗೌರವಾನ್ವಿತ ಮಹಾಶಯರೇ ಎಂದು ವಿಶಾಲಮ್ಮನವರನ್ನು ಗಂಡಸು ಮಾಡಿ, ತಾವು ತೋರಿಸಿಕೊಟ್ಟ ದೋಷ ನಿಜವೆಂದೂ, ಗಂಟಿನ ಮೇಲೆ ಬರೆದ ಅಳತೆಯನ್ನು ಪ್ರೋಗ್ರಾಮು ಇನ್ನು ಮುಂದೆ ಪರೀಕ್ಷಿಸಿಯೇ ಬಿಚ್ಚುವುದೆಂದೂ, ಹೊಸ ಆವೃತ್ತಿಯಲ್ಲಿ ಸರಿಪಡಿಸಿದ್ದೇವೆಂದೂ ಬರೆದಿದ್ದರು. ನಾನು ಅಭಿನಂದಿಸಿದೆ. ಅವರು ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದರು. "ಸರಿ ಮಾಡಿದಾರಂತೆ," ಎಂದರು. ಅಷ್ಟೇ.

ಕೆಲವು ವರ್ಷಗಳಾದವು. ಮುಕುಂದ ಅಂಗಡಿ ಮುಚ್ಚಿ ಫ್ಲೆಕ್ಸ್ ಬ್ಯಾನರ್ ಹಾಕಲು ಹೋದ. ಒಂದು ಭಾನುವಾರ ವಿಶಾಲಮ್ಮನವರಿಂದ ಫೋನು, ಊಟಕ್ಕೆ ಬನ್ನಿ ಎಂದು. ಅವರ ಮನೆಯಲ್ಲಿ ಕಾಫಿಯ ಹೊರತು ಬೇರೇನನ್ನೂ ಕಂಡವನಲ್ಲ ನಾನು, ಹೆದರುತ್ತಲೇ ಹೋದೆ. ಎಲೆ ಹಾಕಿದ್ದರು. ಬಿಸಿ ಅನ್ನಕ್ಕೆ ಬೂದುಗುಂಬಳದ ಮಜ್ಜಿಗೆಹುಳಿ ಬಡಿಸಿ, ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡಿದರು.

"ಕಿಟ್ಟಪ್ಪನೋರದ್ದು ಹೀಗೇ ಇತ್ತಾ?"

ನಾನು ಇನ್ನೊಂದು ತುತ್ತು ಕಲೆಸಿಕೊಂಡೆ. "ನಿಮಗೂ ಗೊತ್ತಿರಬೇಕಲ್ಲ ಮೇಡಂ?"

"ಎಲ್ಲಿಂದ ಗೊತ್ತಿರಬೇಕು? ಮದುವೆ ಮನೇಲಿ ಒಂದು ಬಾಳೆಹಣ್ಣು ತಿಂದು ಎದ್ದು ಬರ್ತಿದ್ದೆ. ಯಾವ ನೀರೋ, ಯಾವ ಪಾತ್ರೆಯೋ ಅಂತ. ಅವರ ಕೈಯಡಿಗೆ ನಾನು ಒಂದು ದಿನಾನೂ ಉಂಡಿಲ್ಲ ಕಣ್ರೀ."

ಬೆಳಗಿನ ಹೊತ್ತು ಅಂಗಡಿಯಲ್ಲಿ ಕೇಳಿಸಿಕೊಂಡದ್ದರಲ್ಲಿ ನೆನಪಿದ್ದಷ್ಟನ್ನು ಹಿಡಿದು ಮಾಡಿದ್ದರು. ಚೆನ್ನಾಗಿತ್ತು. ಆದರೆ ಅದಲ್ಲ. ಅವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. "ಇದಲ್ಲ ಮೇಡಂ," ಎಂದೆ. ಏನು ಕಮ್ಮಿ ಎಂದು ಕೇಳಿದರು. ಅದು ನನಗೆ ಗೊತ್ತಾಗಲಿಲ್ಲ. ತಿದ್ದುವುದೇ ಕಸುಬಾದವನಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮುಂದಿನ ಭಾನುವಾರ ಶುಂಠಿ ಹೆಚ್ಚಾಯಿತು. ಅದರ ಮುಂದಿನದಕ್ಕೆ ಮೊಸರಿನ ಹುಳಿ ಬದಲಾಯಿತು. ಒಮ್ಮೆ ಸಾಸಿವೆ, ಒಮ್ಮೆ ಮೆಂತ್ಯ, ಒಮ್ಮೆ ಕೊಬ್ಬರಿಯ ಬದಲು ಹಸಿ ಕಾಯಿ. ಪ್ರತಿಸಲ ಎದುರಿಗೆ ಕೂತು ಕಾಯುತ್ತಿದ್ದರು. ಜಗತ್ತಿನ ಯಾವ ನಾಲಗೆಯನ್ನೂ ನಂಬದಿದ್ದ ಹೆಂಗಸು ನನ್ನ ನಾಲಗೆಯೊಂದನ್ನು ನಂಬಿಕೊಂಡು ಕೂತಿದ್ದರು. ನಾನು ಪ್ರತಿಸಲವೂ ಇಲ್ಲ ಎನ್ನುತ್ತಿದ್ದೆ. ಅವರು ಸರಿ ಎಂದು ಇನ್ನೊಂದು ಸೌಟು ಬಡಿಸುತ್ತಿದ್ದರು.

ಕೊನೆಯ ಭಾನುವಾರ ಅವರಿಗೆ ಮೈ ಸರಿಯಿರಲಿಲ್ಲ. ಬೇಡವೆಂದರೂ ಮಾಡಿದ್ದರು. ಒಂದು ತುತ್ತು ಬಾಯಿಗಿಟ್ಟು ಯೋಚಿಸಿದೆ. "ಇದೇ," ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಏನೂ ಕೇಳಲಿಲ್ಲ. ಎದ್ದು ಒಳಗೆ ಹೋದರು, ಸೆರಗಿನಿಂದ ಕಣ್ಣೊರೆಸಿಕೊಂಡರೋ ಹೊಗೆಯೋ ತಿಳಿಯಲಿಲ್ಲ. ಗ್ಯಾಸಿನ ಒಲೆಗೆ ಹೊಗೆ ಎಲ್ಲಿಯದು ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಆ ತಿಂಗಳೊಳಗೆ ಹೋಗಿಬಿಟ್ಟರು.

ಸುಳ್ಳು ಹೇಳಿದೆನೇ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಿಟ್ಟಪ್ಪನವರ ಮಜ್ಜಿಗೆಹುಳಿಯನ್ನು ನೆನೆಸಿಕೊಳ್ಳಲು ನೋಡುತ್ತೇನೆ. ಛತ್ರ ನೆನಪಾಗುತ್ತದೆ, ಎಲೆ ನೆನಪಾಗುತ್ತದೆ, ತೂಗುಹಾಕಿದ ಮಾವಿನ ತೋರಣವೂ ಕಾಣುತ್ತದೆ. ನಾಲಗೆಗೆ ಮಾತ್ರ ವಿಶಾಲಮ್ಮನವರದ್ದೇ ಬರುತ್ತದೆ.